ಸುರಾಮಾ ಎಂಬ ಊರನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ಪಠ್ಯಪುಸ್ತಕ, ವಿಶ್ವಕೋಶ, ಪತ್ರಿಕೆಗಳ ಸಂಪಾದಕರಿಗೆ ಬಹಿರಂಗ ಪತ್ರ

ಮಾನ್ಯರೇ,

ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು ಕನ್ನಡದಲ್ಲಿ ಬಂದಾಗ ಇಂದಿಗೂ ‘ರೆಡ್ ಇಂಡಿಯನ್’ ಎಂಬ ಪದ ನುಸುಳುತ್ತದೆ. ಅದರ ಬೆನ್ನಿಗೇ ಗರಿಯ ಕಿರೀಟ, ಬಿಲ್ಲು ಬಾಣ, ‘ಬುಡಕಟ್ಟಿನ ನಾಯಕ’, ‘ಅಳಿವಿನಂಚಿನ ಜನ’ ಬರುತ್ತವೆ. ಆ ಜನ ಬೆಳಿಗ್ಗೆ ಎದ್ದು ಏನು ತಿನ್ನುತ್ತಾರೆ, ಅದನ್ನು ಹೇಗೆ ಮಾಡಿಕೊಳ್ಳುತ್ತಾರೆ, ಊರಿನ ನೆಲದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ತಕರಾರು ಬಂದರೆ ತೀರ್ಮಾನ ಎಲ್ಲಿ ಆಗುತ್ತದೆ ಎಂಬುದು ಮಾತ್ರ ಎಲ್ಲಿಯೂ ಸಿಗುವುದಿಲ್ಲ. ನಮ್ಮ ಕೋರಿಕೆ ಒಂದೇ. ಅಮೆರಿಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿಗಳ, ಹಳ್ಳಿಯೊಂದರ ಬಗ್ಗೆ ಬರೆಯುವಾಗ, ಮಲೆನಾಡಿನ ಅಥವಾ ಬಯಲುಸೀಮೆಯ ಹಳ್ಳಿಯ ಬಗ್ಗೆ ಬರೆಯುವಷ್ಟೇ ಕರಾರುವಾಕ್ಕಾಗಿ ಬರೆಯಿರಿ. ಅದು ಸಾಧ್ಯ ಎಂದು ತೋರಿಸಲು ಗಯಾನಾ ದೇಶದ ಸುರಾಮಾ ಎಂಬ ಒಂದು ಸಣ್ಣ ಊರನ್ನೇ ಇಲ್ಲಿ ತೆಗೆದುಕೊಂಡಿದ್ದೇವೆ.

ಮೊದಲು ಹೆಸರಿನ ಗೊಂದಲ ಕಳೆಯೋಣ. ಗಯಾನಾದಲ್ಲಿ ಬರೀ ‘ಇಂಡಿಯನ್’ ಎಂದರೆ ನಮ್ಮ ದೇಶದಿಂದ ಹೋದವರ ಮಕ್ಕಳು ಮೊಮ್ಮಕ್ಕಳು. 1838ರ ಮೇ 5ರಂದು ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಹೊತ್ತು ಆಗಿನ ಬ್ರಿಟಿಷ್ ಗಯಾನಾದ ತೀರ ಸೇರಿದವು. 1917ರವರೆಗೆ ಹೀಗೆ ಹೋದವರು ಸುಮಾರು 2,39,000 ಮಂದಿ. ಹೆಚ್ಚಿನವರು ಕಲ್ಕತ್ತೆಯಿಂದ, ಸ್ವಲ್ಪ ಪಾಲು ಮದರಾಸು ಬಂದರಿನಿಂದ ಹಡಗು ಹತ್ತಿದವರು. 2012ರ ಜನಗಣತಿಯ ಪ್ರಕಾರ ದೇಶದ ಸುಮಾರು ನೂರಕ್ಕೆ 40 ಜನ ಈ ‘ಇಂಡಿಯನ್’ರು, ನೂರಕ್ಕೆ 10.5 ಜನ ಮೂಲನಿವಾಸಿಗಳು. ಈ ಇಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಲು ‘ಅಮೆರಿಂಡಿಯನ್’ ಎಂಬ ಮಾತು ಅಲ್ಲಿನ ಕಾನೂನಿನಲ್ಲಿಯೂ ದಿನಬಳಕೆಯಲ್ಲಿಯೂ ನಿಂತಿದೆ. ಅದನ್ನು ‘ಅಮೆರಿಕದ ಭಾರತೀಯರು’ ಎಂದು ಅನುವಾದಿಸಿದರೆ ಕೊಲಂಬಸ್ ಮಾಡಿದ ತಪ್ಪನ್ನು ನಾವು ಎರಡನೆಯ ಸಲ ಮಾಡಿದಂತೆ. ಆ ಹೆಸರೂ ಎಲ್ಲರಿಗೂ ಒಪ್ಪಿಗೆಯಾದದ್ದಲ್ಲ. 2015ರಲ್ಲಿ ಸರ್ಕಾರ ಬದಲಾದಾಗ ಇಲಾಖೆಯ ಹೆಸರು ‘ಮೂಲನಿವಾಸಿ ಜನರ ವ್ಯವಹಾರ’ ಎಂದಾಯಿತು, 2020ರಲ್ಲಿ ಮತ್ತೆ ‘ಅಮೆರಿಂಡಿಯನ್ ವ್ಯವಹಾರ’ ಎಂದಾಯಿತು. ಹಾಗಾಗಿ ಸಾಧ್ಯವಾದಲ್ಲೆಲ್ಲ ಜನಾಂಗದ ಸ್ವಂತ ಹೆಸರನ್ನೇ ಬರೆಯುವುದು ಲೇಸು. ಗಯಾನಾದಲ್ಲಿ ಒಂಬತ್ತು ಜನಾಂಗಗಳಿವೆ: ಮಕುಶಿ, ವಾಪಿಶಾನ, ಅಕವಾಯೊ, ಪಟಮೊನ, ಅರೆಕುನ, ವೈವೈ, ಕ್ಯಾರಿಬ್, ಅರವಾಕ್, ವರಾವ್. ಸುರಾಮಾದವರು ಬಹುತೇಕ ಮಕುಶಿಗಳು. ಮಕುಶಿ ಕ್ಯಾರಿಬ್ ಭಾಷಾ ಕುಟುಂಬಕ್ಕೆ ಸೇರಿದ ಭಾಷೆ. ನೆರೆಯ ವಾಪಿಶಾನ ಅರವಾಕ್ ಕುಟುಂಬದ್ದು. ಕನ್ನಡಕ್ಕೂ ಮರಾಠಿಗೂ ಕುಟುಂಬ ಬೇರೆಯಿದ್ದ ಹಾಗೆ, ಪಕ್ಕದ ಬಯಲಿನವರಾದರೂ ನುಡಿಯ ಮೂಲ ಬೇರೆ.

ಊರು ಇರುವುದು ಒಳನಾಡಿನ ಉತ್ತರ ರುಪುನುನಿ ಎಂಬ ಸೀಮೆಯಲ್ಲಿ, ಪಕರೈಮಾ ಬೆಟ್ಟಸಾಲಿನ ತಪ್ಪಲಿನಲ್ಲಿ. ಸುತ್ತ ಕಾಡು, ನಡುವೆ ಹುಲ್ಲುಗಾವಲು, ಕಾಲುನಡಿಗೆಯ ದೂರದಲ್ಲಿ ಬರೊಬರೊ ನದಿ. ಜನಸಂಖ್ಯೆ ಕೆಲವು ನೂರು. ರಾಜಧಾನಿ ಜಾರ್ಜ್‌ಟೌನ್‌ನಿಂದ ಬ್ರೆಜಿಲ್ ಗಡಿಯ ಲೆಥೆಮ್‌ಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಬೇಕು. ಆ ರಸ್ತೆ ಕುರುಪುಕಾರಿಯಲ್ಲಿ ಎಸ್ಸೆಕ್ವಿಬೊ ನದಿಯನ್ನು ದಾಟಿ, ಸುಮಾರು 3,71,000 ಹೆಕ್ಟೇರಿನ ಇವೊಕ್ರಾಮ ಕಾಡನ್ನು ಹಾದು ಬರುತ್ತದೆ. ಗೋಡೆಗೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಸೂರಿಗೆ ಈಟೆ ತಾಳೆಯ ಗರಿ. ಇತ್ತೀಚೆಗೆ ತಗಡಿನ ಸೂರೂ ಬಂದಿದೆ. ತಗಡು ಬಾಳಿಕೆಗೆ ಒಳ್ಳೆಯದು, ನಡುಹಗಲಿನ ಸೆಕೆಗೆ ಗರಿಯೇ ಸೈ.

ಈಗ ಊಟದ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ, ಏಕೆಂದರೆ ಇಡೀ ಊರಿನ ಬದುಕು ಇದರ ಸುತ್ತ ತಿರುಗುತ್ತದೆ. ಮಕುಶಿಗಳ ಅನ್ನ ಎಂದರೆ ಮರಗೆಣಸು. ನಮ್ಮಲ್ಲಿ ಬೇಯಿಸಿ ತಿನ್ನುವುದು ಸಿಹಿ ಜಾತಿ. ಅವರ ಮುಖ್ಯ ಬೆಳೆ ಕಹಿ ಜಾತಿ, ಹಸಿಯಾಗಿ ವಿಷ. ಗೆಡ್ಡೆಯ ಜೀವಕೋಶದಲ್ಲಿ ಲಿನಮರಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಗೆಡ್ಡೆಯನ್ನು ತುರಿದಾಗ ಕೋಶ ಒಡೆದು ಎರಡೂ ಕಲೆಯುತ್ತವೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಅದು 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವಂಥದ್ದು, ಹಾಗಾಗಿ ಗಾಳಿಗೆ, ಬಿಸಿಗೆ ಹಾರಿಹೋಗುತ್ತದೆ. ಉಳಿದದ್ದು ರಸದೊಂದಿಗೆ ಇಳಿದುಹೋಗುತ್ತದೆ. ‘ವಿಷವಿದ್ದರೆ ಚೆನ್ನಾಗಿ ಬೇಯಿಸಿದರಾಯಿತಲ್ಲ’ ಎಂದು ಹೊರಗಿನವರಿಗೆ ತೋಚುವುದು ಸಹಜ. ಇಡೀ ಗೆಡ್ಡೆಯನ್ನು ನೇರವಾಗಿ ಬೇಯಿಸಿದರೆ ಕಿಣ್ವ ಮೊದಲು ಸಾಯುತ್ತದೆ, ಲಿನಮರಿನ್ ಹಾಗೇ ಒಳಗೆ ಉಳಿಯುತ್ತದೆ. ತುರಿಯುವುದೇ ಮದ್ದು, ಬೇಯಿಸುವುದು ಆಮೇಲಿನ ಕೆಲಸ. ಈ ಗೆಡ್ಡೆ ಆಫ್ರಿಕಕ್ಕೆ ಹೋದಾಗ ಅದರ ಜೊತೆಗೆ ಈ ತಿಳಿವಳಿಕೆ ಪೂರ್ತಿ ಹೋಗಲಿಲ್ಲ. ಬರಗಾಲದಲ್ಲಿ ಅರೆಬರೆ ಸಂಸ್ಕರಿಸಿ ತಿಂದ ಕಡೆ ಕೊಂಜೊ ಎಂಬ ಕಾಲು ಸೋಲುವ ರೋಗ ಕಾಣಿಸಿಕೊಂಡಿತು. ಯಾವ ಪ್ರಯೋಗಶಾಲೆಯೂ ಇಲ್ಲದ ಕಾಲದಲ್ಲಿ ಅಮೆಜಾನ್ ಸೀಮೆಯ ಹೆಂಗಸರು ಈ ವಿದ್ಯೆ ಕಂಡುಕೊಂಡರು ಎಂಬುದನ್ನು ಯಾವ ಪಠ್ಯದಲ್ಲಾದರೂ ಒಂದು ಸಾಲು ಬರೆದರೆ ಎಷ್ಟು ಚೆನ್ನ!

ಕೆಲಸದ ಸರಣಿ ಹೀಗೆ. ಹೊಲದಿಂದ ಗೆಡ್ಡೆಯನ್ನು ವಾರಿಶಿಯಲ್ಲಿ ಹೊತ್ತು ತರುತ್ತಾರೆ. ವಾರಿಶಿ ಎಂದರೆ ಬೆನ್ನಿಗೆ ಹಾಕುವ ಬುಟ್ಟಿ, ಅದರ ಪಟ್ಟಿ ಹಣೆಯ ಮೇಲೆ ಬರುತ್ತದೆ. ಸಿಪ್ಪೆ ಹೆರೆದು, ತೊಳೆದು, ತುರಿಯುತ್ತಾರೆ. ಹಿಂದೆ ಮರದ ಹಲಗೆಗೆ ಚೂಪು ಕಲ್ಲಿನ ಚಕ್ಕೆ ನೆಟ್ಟ ತುರಿಮಣೆ ಇತ್ತು, ಆಮೇಲೆ ಮೊಳೆಯಿಂದ ತೂತು ಹೊಡೆದ ತಗಡು ಬಂತು, ಈಗ ಕೆಲವು ಊರುಗಳಲ್ಲಿ ಯಂತ್ರವೂ ಇದೆ. ತುರಿದದ್ದನ್ನು ಮಟಪಿಗೆ ತುಂಬುತ್ತಾರೆ.

ಮಟಪಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಕ್ರು ಎಂಬ ಗಿಡದ ದಂಟನ್ನು ಸೀಳಿ, ಓರೆಯಾಗಿ ಹೆಣೆದ, ಆಳುದ್ದದ ಉದ್ದನೆಯ ಚೀಲ ಅದು. ಮೇಲ್ತುದಿಯಲ್ಲಿ ಬಾಯಿ ಮತ್ತು ಕುಣಿಕೆ, ಕೆಳತುದಿಯಲ್ಲಿ ಇನ್ನೊಂದು ಕುಣಿಕೆ. ಎರಡು ತುದಿ ಹಿಡಿದು ಕುಗ್ಗಿಸಿದರೆ ಹೊಟ್ಟೆ ಉಬ್ಬುತ್ತದೆ. ಆಗ ತುರಿಯನ್ನು ತುಂಬಬೇಕು. ಮೇಲಿನ ಕುಣಿಕೆಯನ್ನು ತೊಲೆಗೆ ಸಿಕ್ಕಿಸಿ, ಕೆಳಗಿನ ಕುಣಿಕೆಗೆ ಉದ್ದದ ಗಳ ತೂರಿಸಿ, ಗಳದ ಒಂದು ತುದಿಯನ್ನು ಕಂಬಕ್ಕೆ ಒತ್ತುಕೊಟ್ಟು ಇನ್ನೊಂದು ತುದಿಯ ಮೇಲೆ ಒಬ್ಬರು ಕೂರುತ್ತಾರೆ. ಚೀಲ ಎಳೆದಷ್ಟೂ ಉದ್ದವಾಗುತ್ತ, ಉದ್ದವಾದಷ್ಟೂ ಸಣ್ಣಗಾಗುತ್ತ, ಹೆಣಿಗೆಯ ಸಂದಿಯಿಂದ ಹಳದಿ ಮಿಶ್ರಿತ ಬಿಳಿ ರಸ ಜಿನುಗುತ್ತದೆ. ಹೆಣಿಗೆಯ ಓರೆ ತಪ್ಪಿದರೆ ಚೀಲ ಬಿರಿಯುತ್ತದೆ ಇಲ್ಲವೇ ಹಿಂಡುವುದೇ ಇಲ್ಲ. ದಂಟು ಹಸಿಯಿದ್ದಾಗಲೇ ಹೆಣೆಯಬೇಕು. ಬಳಸಿದ ಮೇಲೆ ತೊಳೆದು ಒಣಗಿಸದಿದ್ದರೆ ಬೂಸು ಹಿಡಿದು ಬೇಗ ಕಳಚುತ್ತದೆ.

ರಸ ಬೀಳುವ ಪಾತ್ರೆಯನ್ನು ಮುಚ್ಚಿಡಲೇಬೇಕು. ಕೋಳಿ, ಹಂದಿ, ನಾಯಿ ಬಾಯಿ ಹಾಕಿದರೆ ಸತ್ತವೇ. ರಸವನ್ನು ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಕನ್ನಡದ ಓದುಗರಿಗೆ ಇದು ಹೊಸದಲ್ಲ: ಸೇಲಂ ಕಡೆಯ ಕಾರ್ಖಾನೆಗಳಿಂದ ಬಂದು ನಮ್ಮ ಏಕಾದಶಿಯ ಪಾಯಸಕ್ಕೆ ಬೀಳುವ ಸಬ್ಬಕ್ಕಿ ಇದೇ ಮರಗೆಣಸಿನ ಪಿಷ್ಟದ್ದು. ಪಿಷ್ಟ ತೆಗೆದ ತಿಳಿಯನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸುತ್ತಾರೆ. ಮೊದಲ ಹಬೆಯಲ್ಲಿ ಸಯನೈಡ್ ಇರುವುದರಿಂದ ಒಲೆ ಬಯಲಿನಲ್ಲಿರಬೇಕು, ಮುಖ ಒಡ್ಡಬಾರದು. ಕೊನೆಗೆ ಕಾಕಂಬಿಯಂತೆ ಕಪ್ಪಗೆ, ಗಟ್ಟಿಯಾಗಿ ಉಳಿಯುವುದು ಕಸರೀಪ್. ಪಿಷ್ಟ ಸರಿಯಾಗಿ ಇಳಿಯುವ ಮೊದಲೇ ಒಲೆಗಿಟ್ಟರೆ ರಸ ಗಂಜಿಯಾಗಿ ತಳ ಹಿಡಿಯುತ್ತದೆ. ಕಸರೀಪ್ ಹಾಕಿ ಮೆಣಸಿನಕಾಯಿಯೊಂದಿಗೆ ಬೇಯಿಸಿದ ಮಾಂಸವನ್ನು ದಿನಕ್ಕೊಮ್ಮೆ ಕುದಿಸುತ್ತಿದ್ದರೆ ಹಲವು ದಿನ ಕೆಡುವುದಿಲ್ಲ. ಈ ಪೆಪ್ಪರ್‌ಪಾಟ್ ಈಗ ಗಯಾನಾದ ಎಲ್ಲ ಜನರ ಕ್ರಿಸ್‌ಮಸ್ ಅಡುಗೆ. ಕರಾವಳಿಯ ‘ಇಂಡಿಯನ್’ ಮನೆಯ ಅಡುಗೆಮನೆಯಲ್ಲೂ ಕಸರೀಪ್ ಬಾಟಲಿ ಇರುತ್ತದೆ.

ಮಟಪಿಯಿಂದ ಬಂದ ಗಟ್ಟಿ ದಿಂಡನ್ನು ಪುಡಿಮಾಡಿ ಜರಡಿ ಹಿಡಿದು, ಬಿಸಿ ಕಾವಲಿಯ ಮೇಲೆ ಬೆರಳು ದಪ್ಪಕ್ಕೆ ಹರಡಿ, ಅಂಚು ತಟ್ಟಿ ರೊಟ್ಟಿ ಮಾಡುತ್ತಾರೆ. ನೀರಿಲ್ಲ, ಎಣ್ಣೆಯಿಲ್ಲ, ಉಪ್ಪೂ ಬೇಕಿಲ್ಲ. ಒಳಗೆ ಉಳಿದ ಪಿಷ್ಟವೇ ಕಾವಿಗೆ ಅಂಟಾಗಿ ಹಿಡಿಯುತ್ತದೆ. ಹೆಚ್ಚು ಹಿಂಡಿ ತೀರಾ ಒಣಗಿದ ಹಿಟ್ಟು ಉದುರಿಹೋಗುತ್ತದೆ, ಕಡಿಮೆ ಹಿಂಡಿದ್ದು ಒಳಗೆ ಹಸಿಯಾಗಿ ಉಳಿದು ಕಹಿಯಾಗುತ್ತದೆ, ಕಾವಲಿ ಕಾಯದಿದ್ದರೆ ತಳಕ್ಕೆ ಅಂಟುತ್ತದೆ. ಬೆಂದ ರೊಟ್ಟಿಯನ್ನು ಸೂರಿನ ಮೇಲೆ ಬಿಸಿಲಿಗೆ ಹಾಕಿದರೆ ವಾರಗಟ್ಟಲೆ ಇಡಬಹುದು. ಇನ್ನೊಂದು ರೂಪ ಫರೀನ್. ಅದಕ್ಕೆ ಒಂದು ಪಾಲು ಗೆಡ್ಡೆಯನ್ನು ಕೆಲವು ದಿನ ನೀರಿನಲ್ಲಿ ನೆನೆಸಿ ಮೆತ್ತಗೆ ಹುಳಿ ಬರಿಸಿ, ಹೊಸದಾಗಿ ತುರಿದದ್ದರ ಜೊತೆ ಕಲಸಿ, ಹಿಂಡಿ, ಅಗಲವಾದ ಬಾಣಲೆಯಲ್ಲಿ ಕೈ ಬಿಡದೆ ಮಗುಚುತ್ತ ಹುರಿಯುತ್ತಾರೆ. ದಪ್ಪ ರವೆಯಂತೆ, ಗರಿಗರಿಯಾಗಿ, ಹಳದಿಯಾಗಿ ಬರುತ್ತದೆ. ಅರೆಕ್ಷಣ ಮಗುಚುವುದು ಬಿಟ್ಟರೆ ಸೀಯುತ್ತದೆ. ಪಸೆ ಉಳಿದರೆ ಚೀಲದಲ್ಲಿ ಬೂಸು. ಚೆನ್ನಾಗಿ ಹುರಿದದ್ದು ತಿಂಗಳುಗಟ್ಟಲೆ ಬಾಳುತ್ತದೆ. ಬೇಟೆಗೆ, ಮೀನಿಗೆ ಹೋಗುವವರ ಬುತ್ತಿ ಇದೇ. ಪರಕಾರಿ ಎಂಬ ಪಾನೀಯಕ್ಕೆ ಮಾತ್ರ ಬೇರೆ ಜಾಣ್ಮೆ ಬೇಕು. ಸುಟ್ಟ ರೊಟ್ಟಿಯನ್ನು ಒದ್ದೆಮಾಡಿ, ಎಲೆ ಹಾಸಿ ಮುಚ್ಚಿ, ಒಂದು ಬಗೆಯ ಬೂಸು ಬೆಳೆಸಿ ಪಿಷ್ಟವನ್ನು ಸಕ್ಕರೆಯಾಗಿಸುತ್ತಾರೆ, ಆಮೇಲೆ ಹುದುಗಿಸುತ್ತಾರೆ. ಜಪಾನಿನವರು ಅಕ್ಕಿಯ ಮದ್ಯಕ್ಕೆ ಮಾಡುವ ಉಪಾಯವೂ ಇದೇ.

ಹೊಲದ ಮಾತಿಗೆ ಕನ್ನಡದಲ್ಲಿ ಸಿದ್ಧ ಪದವೇ ಇದೆ: ಕುಮರಿ. ಮಳೆಗಾಲ ಮುಗಿದ ಮೇಲೆ ಕಾಡಿನ ಒಂದು ತುಂಡಿನಲ್ಲಿ ಪೊದೆ ಸವರಿ, ಮರ ಕಡಿದು, ಒಣಗಲು ಬಿಟ್ಟು, ಮೇ ತಿಂಗಳ ಮಳೆ ಹಿಡಿಯುವ ಮೊದಲು ಸುಡುತ್ತಾರೆ. ಮರ ಸರಿಯಾಗಿ ಒಣಗದೆ ಬೆಂಕಿ ಹಾಕಿದರೆ ಅರ್ಧ ಸುಟ್ಟು, ಬೂದಿ ಕಡಿಮೆಯಾಗಿ, ಕಳೆ ಹೆಚ್ಚುತ್ತದೆ. ಮಳೆ ಬೇಗ ಬಂದರೆ ಆ ವರ್ಷದ ಹೊಲವೇ ಇಲ್ಲ. ಗೇಣುದ್ದದ ದಂಟಿನ ತುಂಡುಗಳನ್ನು ಮಣ್ಣಿನ ಗುಪ್ಪೆಯಲ್ಲಿ ನೆಡುತ್ತಾರೆ. ಒಂಬತ್ತು ತಿಂಗಳಿಂದ ಕೀಳಬಹುದು, ನೆಲದಲ್ಲೇ ಬಿಟ್ಟು ಬೇಕಾದಾಗ ತೆಗೆಯಬಹುದು; ನೆಲವೇ ಕಣಜ. ಎರಡು ಮೂರು ಬೆಳೆಯ ನಂತರ ಕಾಡು ಮತ್ತೆ ಬೆಳೆಯಲು ಬಿಡುತ್ತಾರೆ. ಒಂದೇ ಊರಿನ ಹೆಂಗಸರು ಹತ್ತಾರು ತಳಿಗಳನ್ನು ಹೆಸರಿಟ್ಟು ಗುರುತಿಸುತ್ತಾರೆ. ತಾನಾಗಿ ಬೀಜದಿಂದ ಹುಟ್ಟಿದ ಸಸಿಯನ್ನು ಕೀಳದೆ ಬೆಳೆಸಿ ನೋಡಿ, ಚೆನ್ನಾಗಿದ್ದರೆ ದಂಟು ತೆಗೆದಿಡುತ್ತಾರೆ. ತಳಿ ಅಭಿವೃದ್ಧಿ ಎಂದರೆ ಇದೇ ಅಲ್ಲವೇ? ನಮ್ಮ ಪಶ್ಚಿಮ ಘಟ್ಟದಲ್ಲಿ 19ನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ಕುಮರಿಯನ್ನು ಕಾಡಿನ ಮೇಲಿನ ಅಪರಾಧವೆಂದು ಕಂಡು ತಡೆದರು. ಆ ಅಧಿಕಾರಿಗಳ ಭಾಷೆಯಲ್ಲೇ ಇಂದು ಮಕುಶಿಗಳ ಬೇಸಾಯವನ್ನು ‘ಕಾಡು ನಾಶದ ಹಿಂದುಳಿದ ಪದ್ಧತಿ’ ಎಂದು ಕನ್ನಡದಲ್ಲಿ ಬರೆಯಬೇಡಿ.

ಈ ಹೊಲಕ್ಕೆ ಶತ್ರುಗಳು ಮೂವರು: ಎಲೆ ಕತ್ತರಿಸುವ ಅಕೂಶಿ ಇರುವೆ, ಕಾಡುಹಂದಿಯಂಥ ಪೆಕರಿ, ಮತ್ತು ನೆರೆ. ರುಪುನುನಿಗೆ ವರ್ಷಕ್ಕೆ ಒಂದೇ ದೊಡ್ಡ ಮಳೆಗಾಲ. 2021ರ ಮೇ, ಜೂನ್‌ನಲ್ಲಿ ಗಯಾನಾದಾದ್ಯಂತ ನೆರೆ ಬಂದಾಗ ಒಳನಾಡಿನ ಮರಗೆಣಸಿನ ಹೊಲಗಳು ಮುಳುಗಿದವು. ನಿಂತ ನೀರಿನಲ್ಲಿ ಗೆಡ್ಡೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಭತ್ತವಾದರೆ ಬೀಜ ತಂದು ಮತ್ತೆ ಬಿತ್ತಬಹುದು. ಮರಗೆಣಸಿಗೆ ದಂಟೇ ಬೀಜ, ಅದು ಹೋದರೆ ತಳಿಯೇ ಹೋಯಿತು, ಮತ್ತೆ ಎತ್ತರದ ಊರಿನ ನೆಂಟರಿಂದ ತರಬೇಕು. ಪರಿಹಾರವಾಗಿ ಬರುವ ಅಕ್ಕಿ ಮೂಟೆ ಆ ತಿಂಗಳ ಹಸಿವಿಗೆ ಸರಿ, ಮುಂದಿನ ವರ್ಷದ ನಾಟಿಗೆ ಅಲ್ಲ.

ಇನ್ನು ಆಡಳಿತ. ‘ಬುಡಕಟ್ಟಿನ ನಾಯಕ’ ಎಂದು ನೀವು ಬರೆಯುವವರನ್ನು ಅಲ್ಲಿ ಟೊಶಾವ್ ಎನ್ನುತ್ತಾರೆ. ಅದು ವಂಶಪಾರಂಪರ್ಯದ ಪಟ್ಟವಲ್ಲ. 2006ರ ಅಮೆರಿಂಡಿಯನ್ ಕಾಯ್ದೆಯಂತೆ ಮೂರು ವರ್ಷಕ್ಕೊಮ್ಮೆ ಚುನಾವಣೆಯಾಗಿ ಟೊಶಾವ್ ಮತ್ತು ಸದಸ್ಯರ ಮಂಡಳಿ ಬರುತ್ತದೆ. ಹೆಂಗಸರೂ ಟೊಶಾವ್ ಆಗಿದ್ದಾರೆ. ಊರಿನ ನೆಲ ಒಬ್ಬೊಬ್ಬರ ಹೆಸರಿನಲ್ಲಿ ಇಲ್ಲ, ಇಡೀ ಊರಿನ ಹೆಸರಿನಲ್ಲಿ ಹಕ್ಕುಪತ್ರವಿರುತ್ತದೆ, ಮಂಡಳಿ ಅದನ್ನು ಕಾಯುತ್ತದೆ. ಹಕ್ಕುಪತ್ರ ಕೇಳಬೇಕಾದರೆ ಸಮುದಾಯ 25 ವರ್ಷಗಳಿಂದ ಅಲ್ಲಿರಬೇಕು, ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 150 ಜನ ಇರಬೇಕು. ಈ 150ರ ಅಳತೆ ಸಣ್ಣ ಊರುಗಳಿಗೆ ಉರುಳಾಗಿದೆ. ಹುಲ್ಲುಗಾವಲಿನಲ್ಲಿ ಜನ ಚದುರಿಯೇ ಬದುಕುತ್ತಾರೆ. ನೂರು ಜನರಿರುವ ಹಳೆಯ ನೆಲೆಗೆ ಹಕ್ಕಿಲ್ಲ ಎಂದರೆ ಅದು ಜನರನ್ನು ಎಣಿಸಿದ ನ್ಯಾಯ, ಇತಿಹಾಸವನ್ನು ಎಣಿಸಿದ್ದಲ್ಲ.

ಹಕ್ಕುಪತ್ರ ಸಿಕ್ಕಮೇಲೂ ನೆಲದಡಿಯ ಖನಿಜ ಸರ್ಕಾರದ್ದೇ. ಸಣ್ಣ, ಮಧ್ಯಮ ಗಣಿಗಾರಿಕೆಗೆ ಊರಿನ ಸಭೆಯಲ್ಲಿ ಹಾಜರಿದ್ದ ಮತದಾರರ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಊರು ಬೇಡ ಎನ್ನಬಹುದು. ದೊಡ್ಡ ಗಣಿಯಾದರೆ ‘ದೇಶದ ಹಿತ’ದ ಹೆಸರಿನಲ್ಲಿ ಸರ್ಕಾರ ಊರಿನ ಮಾತನ್ನು ಮೀರಲು ಕಾಯ್ದೆಯಲ್ಲೇ ದಾರಿಯಿದೆ. ಊರು ತಾನೇ ಮಾಡಿಕೊಂಡ ನಿಯಮಕ್ಕೂ ಸಚಿವರ ಒಪ್ಪಿಗೆ, ಗೆಜೆಟ್ ಪ್ರಕಟಣೆ ಬೇಕು. ಹಳೆಯ ಗಣಿ ಪರವಾನಗಿಗಳದು ಬೇರೆಯೇ ತೊಡಕು: ಅಕವಾಯೊಗಳ ಇಸ್ಸೆನೆರು ಹಳ್ಳಿಯ ಪ್ರಕರಣದಲ್ಲಿ, 2006ಕ್ಕೆ ಮೊದಲೇ ಪರವಾನಗಿ ಪಡೆದವರಿಗೆ ಊರಿನ ಒಪ್ಪಿಗೆಯ ನಿಯಮ ಅನ್ವಯಿಸದು ಎಂದು ಹೈಕೋರ್ಟ್ 2013ರಲ್ಲಿ ಹೇಳಿತು. ಚಿನ್ನ ಹಿಡಿಯಲು ಬಳಸುವ ಪಾದರಸ ನದಿಗೆ ಸೇರಿ, ಮೀನಿನ ಮೂಲಕ ತಟ್ಟೆಗೆ ಬರುತ್ತದೆ; ಮೀನೇ ದಿನದ ಪಲ್ಯವಾದ ಊರಿಗೆ ಇದು ಸಣ್ಣ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದ ಕಥೆ ಬಲ್ಲ ಕನ್ನಡ ಓದುಗರಿಗೆ, ಗ್ರಾಮಸಭೆಯ ಒಪ್ಪಿಗೆ ಎಂದರೇನು, ಅದನ್ನು ತಪ್ಪಿಸಿ ದಾಟುವುದು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಇತಿಹಾಸಕ್ಕೂ ಕೆಲವು ಸಾಲು ಬೇಕು. ಮಕುಶಿ ಸೀಮೆಗೆ ಬ್ರೆಜಿಲ್ ಕಡೆಯಿಂದ ಗುಲಾಮರನ್ನು ಹಿಡಿಯುವವರು ಬರುತ್ತಿದ್ದರು. 1812ರಲ್ಲಿ ಚಾರ್ಲ್ಸ್ ವಾಟರ್‌ಟನ್ ಎಂಬ ಇಂಗ್ಲಿಷ್ ಭೂಮಾಲಿಕ ಈ ಸೀಮೆಗೆ ನಡೆದುಬಂದದ್ದು ಮಕುಶಿಗಳ ಬಾಣದ ವಿಷವಾದ ಉರಾಲಿಯ ಗುಟ್ಟು ಹುಡುಕಿಕೊಂಡು. ಸ್ಟ್ರಿಕ್ನೋಸ್ ಬಳ್ಳಿಯ ತೊಗಟೆಯ ಈ ವಿಷ ಸ್ನಾಯುವನ್ನು ಸಡಿಲಿಸಿ ಉಸಿರಾಟ ನಿಲ್ಲಿಸುತ್ತದೆ, ಹೃದಯವನ್ನು ನೇರವಾಗಿ ಮುಟ್ಟುವುದಿಲ್ಲ. ಲಂಡನ್ನಿನಲ್ಲಿ ವಿಷ ಕೊಟ್ಟ ಕತ್ತೆಯೊಂದಕ್ಕೆ ತಿದಿಯಿಂದ ಗಾಳಿ ಊದಿ ಬದುಕಿಸಿದರು. 1942ರಿಂದ ಇದೇ ರೀತಿ ಕೆಲಸ ಮಾಡುವ, ದಕ್ಷಿಣ ಅಮೆರಿಕದ ಬೇರೊಂದು ಬಳ್ಳಿಯ ಬಾಣದ ವಿಷದ ಸಾರ ಅರಿವಳಿಕೆಯಲ್ಲಿ ಬಳಕೆಗೆ ಬಂತು. ಶಸ್ತ್ರಚಿಕಿತ್ಸೆಯ ಪಾಠದಲ್ಲಿ ಮಕುಶಿಗಳ ಹೆಸರು ಹೇಳಲು ಇದು ಸಾಕಾದ ಕಾರಣ. 1838ರಲ್ಲಿ ಪಿರಾರಾದಲ್ಲಿ ಆಂಗ್ಲಿಕನ್ ಮಿಷನ್, ಆಮೇಲೆ ಗಡಿಯ ಜಗಳ, ಬಲಾಟಾ ಮರದ ರಬ್ಬರಿನಂಥ ಹಾಲಿನ ವ್ಯಾಪಾರ, ದನದ ರಾಂಚುಗಳು. 1969ರ ಜನವರಿಯಲ್ಲಿ ಲೆಥೆಮ್‌ನಲ್ಲಿ ರಾಂಚ್ ಮಾಲೀಕರ ಮುಂದಾಳುತನದ ದಂಗೆ ಎದ್ದು, ಅದನ್ನು ಸೇನೆ ಅಡಗಿಸಿದ ಮೇಲೆ ಇಡೀ ಸೀಮೆ ಬಹುಕಾಲ ಸಂಶಯದ ಕಣ್ಣಿಗೆ ಬಿತ್ತು. ಗಡಿಯಾಚೆ ಬ್ರೆಜಿಲ್‌ನಲ್ಲೂ ಮಕುಶಿಗಳಿದ್ದಾರೆ. ಅವರ ರಪೋಸಾ ಸೆರಾ ದೊ ಸೋಲ್ ನೆಲಕ್ಕೆ 2005ರಲ್ಲಿ ಮಾನ್ಯತೆ ಸಿಕ್ಕಿ, 2009ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಎಸ್ಸೆಕ್ವಿಬೊ ನದಿಯ ಪಶ್ಚಿಮದ ಸೀಮೆ ತನ್ನದೆಂದು ವೆನೆಜುವೆಲಾ 2023ರ ಡಿಸೆಂಬರ್‌ನಲ್ಲಿ ಜನಮತ ನಡೆಸಿದಾಗ ಕನ್ನಡ ಪತ್ರಿಕೆಗಳು ಕಲ್ಲೆಣ್ಣೆಯ ಸುದ್ದಿಯನ್ನೇ ನೆಚ್ಚಿಕೊಂಡವು ಎಂಬುದು ನಮ್ಮ ಅನಿಸಿಕೆ. ಆ ನೆಲದಲ್ಲಿ ಸುರಾಮಾದಂಥ ಊರುಗಳಿವೆ.

ಸುರಾಮಾ ಇಂದು ಹೆಸರಾಗಿರುವುದು ಊರೇ ನಡೆಸುವ ಅತಿಥಿಗೃಹದಿಂದ. ದಾರಿ ತೋರುವವರು, ಅಡುಗೆಯವರು, ದೋಣಿಯವರು ಊರಿನವರೇ. ಆ ಕೆಲಸವನ್ನು ಕಟ್ಟಿದವರಲ್ಲಿ ಒಬ್ಬರಾದ ಸಿಡ್ನಿ ಆಲಿಕಾಕ್ 2015ರಿಂದ 2020ರವರೆಗೆ ದೇಶದ ಸಚಿವರಾಗಿದ್ದರು. ಕಾಡು ಉಳಿಸಿದ್ದಕ್ಕೆ ಇಂಗಾಲದ ಲೆಕ್ಕ (ಕಾರ್ಬನ್ ಕ್ರೆಡಿಟ್) ಮಾರುವ ಯೋಜನೆಯೂ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಹೆಸ್ ಎಂಬ ತೈಲ ಕಂಪನಿಯೊಂದಿಗೆ ಆದ ಒಪ್ಪಂದದ ಹಣದಲ್ಲಿ ನೂರಕ್ಕೆ 15 ಪಾಲು ಅಮೆರಿಂಡಿಯನ್ ಊರುಗಳಿಗೆ. ಊರುಗಳನ್ನು ಸರಿಯಾಗಿ ಕೇಳದೆ ಈ ಮಾರಾಟ ಆಯಿತೆಂದು ಅಮೆರಿಂಡಿಯನ್ ಪೀಪಲ್ಸ್ ಅಸೋಸಿಯೇಷನ್ 2023ರಲ್ಲಿ ದೂರು ಕೊಟ್ಟಿತು. ಬರೆಯುವಾಗ ಎರಡನ್ನೂ ಬರೆಯಿರಿ.

ಕೊನೆಯದಾಗಿ ಚಿತ್ರದ ವಿಷಯ. ಗರಿಯ ಕಿರೀಟ ಹಬ್ಬದ ಕುಣಿತದ ಉಡುಗೆ. ಸೆಪ್ಟೆಂಬರ್ ಅಲ್ಲಿ ಅಮೆರಿಂಡಿಯನ್ ಪರಂಪರೆಯ ತಿಂಗಳು. 1957ರ ಸೆಪ್ಟೆಂಬರ್ 10ರಂದು ಸ್ಟೀಫನ್ ಕ್ಯಾಂಪ್‌ಬೆಲ್ ಶಾಸನಸಭೆ ಪ್ರವೇಶಿಸಿದ ಮೊದಲ ಮೂಲನಿವಾಸಿಯಾದ ನೆನಪಿಗೆ ಅದು. ಆ ದಿನದ ಉಡುಗೆಯನ್ನು ದಿನನಿತ್ಯದ್ದೆಂದು ಅಚ್ಚು ಹಾಕಬೇಡಿ. ಮುಂದಿನ ಮುದ್ರಣಕ್ಕೆ ಒಂದೇ ಚಿತ್ರಕ್ಕೆ ಜಾಗವಿದ್ದರೆ, ತೊಲೆಗೆ ತೂಗಿದ ಮಟಪಿ, ಗಳದ ತುದಿಯಲ್ಲಿ ಕುಳಿತ ಹೆಂಗಸು, ಕೆಳಗೆ ರಸದ ಪಾತ್ರೆ ಇರುವುದನ್ನು ಹಾಕಿ. ಅಡಿಬರಹ ಇಷ್ಟು ಸಾಕು: ‘ಕಹಿ ಮರಗೆಣಸಿನ ವಿಷ ಹಿಂಡುತ್ತಿರುವುದು. ಮಕುಶಿ ಹಳ್ಳಿ, ಉತ್ತರ ರುಪುನುನಿ, ಗಯಾನಾ.’

ಇಂತಿ,
ಗಯಾನಾದ ಒಳನಾಡಿನ ಬದುಕನ್ನು ಬಲ್ಲ ಕೆಲವು ಕನ್ನಡಿಗರು